ಬೆಟ್ಟ ನಮ್ಮದು, ಗೈಡ್ ಯಾರು?

ಶನಿವಾರ ರಾತ್ರಿ ಮೂರು ಗಂಟೆ ದಾಟಿದರೆ ಸಾಕು, ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಕಡೆಗೆ ಬರುವ ಹೆದ್ದಾರಿಯಲ್ಲಿ ಕಾರು, ಬೈಕು, ಟೆಂಪೋ ಟ್ರಾವೆಲರ್‌ಗಳ ಸಾಲು ಶುರುವಾಗುತ್ತದೆ. ಎಲ್ಲರಿಗೂ ಒಂದೇ ಆತುರ. ಸೂರ್ಯ ಹುಟ್ಟುವುದರೊಳಗೆ ಬೆಟ್ಟದ ಮೇಲಿರಬೇಕು. ಕೆಲವರು ನಂದಿಬೆಟ್ಟಕ್ಕೆ, ಕೆಲವರು ಸ್ಕಂದಗಿರಿಗೆ. ನಮ್ಮ ಕಡೆಯ ಹಳಬರನ್ನು ಸ್ಕಂದಗಿರಿ ಎಲ್ಲಿ ಅಂತ ಕೇಳಿದರೆ ಮುಖ ನೋಡುತ್ತಾರೆ. ಕಳವಾರ ಬೆಟ್ಟ ಅನ್ನಿ, ತಕ್ಷಣ ಕೈ ತೋರಿಸುತ್ತಾರೆ.

ಈಚೆಗೆ ‘ಒಂದು ದಿನದ ಗೈಡೆಡ್ ಟೂರ್’ ಅಂತ ಒಂದು ಬಂದಿದೆ. ಬೆಳಗ್ಗೆ ಬೆಟ್ಟ ಹತ್ತುವುದು, ಆಮೇಲೆ ಹಳ್ಳಿ ರಸ್ತೆಯಲ್ಲಿ ಸೈಕಲ್ ತುಳಿಯುವುದು, ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ ನೋಡುವುದು, ಹಳ್ಳಿ ಮನೆಯಲ್ಲಿ ಊಟ ಮಾಡಿ ಸಂಜೆಗೆ ಬೆಂಗಳೂರು ಸೇರುವುದು. ತಲೆಗೆ 3,500 ರೂಪಾಯಿ.

‘ಬೆಟ್ಟ ಹತ್ತೋಕೂ ಅಷ್ಟು ದುಡ್ಡು ಕೊಡ್ತಾರಾ?’ ಅಂತ ನಮ್ಮೂರಲ್ಲಿ ನಗುತ್ತಾರೆ. ಆದರೆ ಬೆಟ್ಟ ಸುತ್ತಿ ದೇವರ ದರ್ಶನ ಮಾಡುವುದು ನಮಗೇನು ಹೊಸದಲ್ಲ. ಆಷಾಢದ ಕೊನೆಯ ಸೋಮವಾರ ನಂದಿ ಗಿರಿ ಪ್ರದಕ್ಷಿಣೆಗೆ ಸುತ್ತಮುತ್ತಲಿನ ಊರುಗಳಿಂದ ಜನ ಸೇರುತ್ತಾರೆ. ಬರಿಗಾಲಲ್ಲಿ ಬೆಟ್ಟ ಸುತ್ತುವ ಅಜ್ಜಿಯರಿಗೆ ಯಾವ ಗೈಡೂ ಬೇಕಿಲ್ಲ. ದಾರಿ ಅವರ ಕಾಲಿಗೇ ಗೊತ್ತು. ಹೊರಗಿನಿಂದ ಬಂದವರಿಗೆ ಗೊತ್ತಿಲ್ಲ, ಅದಕ್ಕೇ ಗೈಡ್ ಬೇಕು. ಆ ಗೈಡ್ ಯಾರಾಗಬೇಕು ಅನ್ನುವುದೇ ನನ್ನ ಪ್ರಶ್ನೆ.

ನನ್ನ ಅಕ್ಕನ ಮಗ ಇಂಥ ಒಂದು ಕಂಪನಿಗೆ ವಾರಾಂತ್ಯದಲ್ಲಿ ಕೆಲಸಕ್ಕೆ ಹೋಗುತ್ತಾನೆ. ವಯಸ್ಸು 23, ಬಿ.ಎ. ಓದಿದ್ದಾನೆ. ಅವರಪ್ಪನ ದ್ರಾಕ್ಷಿ ತೋಟ ಬೋರ್‌ವೆಲ್ ಬತ್ತಿದ ಮೇಲೆ ಹೋಯಿತು. ವಾರದ ದಿನ ಹೂವಿನ ಮಾರ್ಕೆಟ್‌ನಲ್ಲಿ ಮೂಟೆ ಲೆಕ್ಕ ಬರೆಯುತ್ತಾನೆ. ಕಂಪನಿಯಲ್ಲಿ ಅವನಿಗೆ ‘ಹೆಲ್ಪರ್’ ಅಂತ ಹೆಸರು. ದಿನಕ್ಕೆ 800 ರೂಪಾಯಿ. ಕುಡಿಯುವ ನೀರು ಹೊರುವುದು, ಸೈಕಲ್ ಇಳಿಸುವುದು, ಎಲ್ಲರಿಗಿಂತ ಹಿಂದೆ ನಡೆದು ಯಾರೂ ಉಳಿಯದ ಹಾಗೆ ನೋಡಿಕೊಳ್ಳುವುದು. ಮಾತಾಡುವ ಕೆಲಸ ಬೆಂಗಳೂರಿನಿಂದ ಬರುವ ಟ್ರಿಪ್ ಲೀಡರ್‌ದು.

ಪತ್ರಿಕೆಗೆ ಒಂದು ಸುದ್ದಿ ಮಾಡೋಣ ಅಂತ ಜನವರಿಯ ಒಂದು ಭಾನುವಾರ ನಾನೂ ಅವರ ಜೊತೆ ಹೋದೆ. ಸುದ್ದಿ 200 ಪದದಲ್ಲಿ ಬಂತು. ಅದರಲ್ಲಿ ಹಿಡಿಸದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೆಟ್ಟ

ಪಾಪಾಗ್ನಿ ಮಠದ ಹತ್ತಿರ ಗಾಡಿ ನಿಂತಾಗ ಇನ್ನೂ ಕತ್ತಲು. ಬಂದವರು 11 ಜನ. ಸ್ಕಂದಗಿರಿಗೆ ಈಗ ಯಾವಾಗ ಬೇಕೋ ಆವಾಗ ಹತ್ತುವ ಹಾಗಿಲ್ಲ. ರಾತ್ರಿ ಚಾರಣ ನಿಷೇಧ. ಅರಣ್ಯ ಇಲಾಖೆಯ ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚೆಯೇ ತೆಗೆದುಕೊಂಡಿರಬೇಕು. ಗೇಟಿನಲ್ಲಿ ಟಿಕೆಟ್ ನೋಡಿ ಬಿಟ್ಟರು.

ಅರ್ಧ ದಾರಿ ಹತ್ತುವಷ್ಟರಲ್ಲಿ ಮಂಜು ಕವಿಯಿತು. ಮುಂದಿನವರ ಬ್ಯಾಗು ಬಿಟ್ಟರೆ ಬೇರೇನೂ ಕಾಣದು. ಒಂದು ಕಡೆ ದಾರಿ ಎರಡಾಯಿತು. ಲೀಡರ್ ಮೊಬೈಲ್ ತೆಗೆದು ಮ್ಯಾಪ್ ನೋಡತೊಡಗಿದರು. ಸಿಗ್ನಲ್ ಬರುತ್ತಿತ್ತು, ಹೋಗುತ್ತಿತ್ತು. ಹಿಂದಿದ್ದ ನಮ್ಮ ಹುಡುಗ ಮುಂದೆ ಬಂದು ಬಗ್ಗಿ ಬಂಡೆ ಸವರಿ ನೋಡಿದ.

‘ಈ ಕಡೆ ಬನ್ನಿ ಸಾರ್’ ಅಂದ.

‘ಹೇಗೆ ಗೊತ್ತಾಯ್ತು?’ ಅಂತ ಒಬ್ಬರು ಕೇಳಿದರು.

‘ಜನ ಓಡಾಡಿದ ಕಲ್ಲು ನುಣ್ಣಗಿರುತ್ತೆ ಸಾರ್. ಆ ಕಡೆ ಕಲ್ಲು ಒರಟು. ಅದು ಮೇಕೆ ಹೋಗೋ ದಾರಿ, ಮುಂದೆ ಪೊದೆ ಸಿಗುತ್ತೆ ಅಷ್ಟೇ.’

ಚಿಕ್ಕವನಿದ್ದಾಗ ರಜೆಯಲ್ಲಿ ತಾತನ ಜೊತೆ ಕುರಿ ಹೊಡೆದುಕೊಂಡು ಈ ಬೆಟ್ಟದ ಮಗ್ಗುಲಲ್ಲಿ ಓಡಾಡಿದವನು ಅವನು. ಎಲ್ಲರೂ ಕೈಯಿಂದ ಕಲ್ಲು ಮುಟ್ಟಿ ನೋಡಿದರು. ಮೇಲೆ ಹೋದಾಗ ಮುರಿದ ಕೋಟೆಗೋಡೆ, ಕಲ್ಲುಕಂಬದ ಸಣ್ಣ ಗುಡಿ, ಸುತ್ತ ಹತ್ತಿ ಹರಡಿದ ಹಾಗೆ ಮಂಜು. ಫೋಟೋ ತೆಗೆಯುವುದರಲ್ಲೇ ಒಂದು ಗಂಟೆ ಕಳೆಯಿತು.

ಕೆರೆ

ಇಳಿದು ಬಂದು ತಿಂಡಿ ತಿಂದು ಸೈಕಲ್ ಹತ್ತಿದರು. ಹೂವಿನ ತೋಟ, ರೇಷ್ಮೆ ಸೊಪ್ಪಿನ ಹೊಲ, ದ್ರಾಕ್ಷಿ ಚಪ್ಪರ ದಾಟಿ ಕಂದವಾರ ಕೆರೆ ಏರಿಗೆ ಬಂದೆವು. ಕೆರೆಯಲ್ಲಿ ನೀರು ತುಂಬಿತ್ತು. ಎಲ್ಲರೂ ಸೈಕಲ್ ನಿಲ್ಲಿಸಿದರು.

‘ಎಷ್ಟು ಚೆನ್ನಾಗಿದೆ! ಬೆಟ್ಟದಿಂದ ಇಳಿದು ಬರೋ ನೀರಾ?’ ಅಂತ ಒಬ್ಬ ಹೆಣ್ಣುಮಗಳು ಕೇಳಿದರು.

ಲೀಡರ್ ‘ಹೌದು, ಈ ಬೆಟ್ಟಗಳಲ್ಲಿ ಐದಾರು ನದಿ ಹುಟ್ಟುತ್ತವೆ’ ಅಂದರು. ಅದೇನೋ ನಿಜ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಎಲ್ಲವೂ ಈ ಬೆಟ್ಟಸಾಲಿನ ಮಕ್ಕಳೇ.

ನಮ್ಮ ಹುಡುಗ ಸೈಕಲ್ ಟೈರಿಗೆ ಗಾಳಿ ಹೊಡೆಯುತ್ತಿದ್ದ. ತಲೆ ಎತ್ತದೆ ಹೇಳಿದ: ‘ಮಳೆ ನೀರೂ ಇದೆ ಮೇಡಂ. ಆದ್ರೆ ಜಾಸ್ತಿ ನಿಮ್ಮ ನೀರೇ.’

‘ನಮ್ಮದಾ?’

‘ಬೆಂಗಳೂರಿಂದು. ನೀವು ಸ್ನಾನ ಮಾಡಿ, ಬಟ್ಟೆ ಒಗೆದು, ಪಾತ್ರೆ ತೊಳೆದು ಬಿಟ್ಟ ನೀರು. ಅಲ್ಲಿ ಶುದ್ಧ ಮಾಡಿ ಪೈಪಲ್ಲಿ ಇಲ್ಲಿಗೆ ಬಿಡ್ತಾರೆ.’

ಯಾರೂ ಮಾತಾಡಲಿಲ್ಲ. ಒಬ್ಬರು ತಮಾಷೆ ಅಂದುಕೊಂಡು ನಕ್ಕರು. ಅವನು ಪಂಪು ಕೆಳಗಿಟ್ಟು ವಿವರಿಸಿದ. ಎಚ್.ಎನ್. ವ್ಯಾಲಿ, ಅಂದರೆ ಹೆಬ್ಬಾಳ–ನಾಗವಾರ ಕಣಿವೆ ಯೋಜನೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ನಮ್ಮ ಕಡೆಯ ಕೆರೆಗಳಿಗೆ ತುಂಬಿಸುತ್ತಾರೆ. ಕುಡಿಯುವುದಕ್ಕಲ್ಲ, ಭೂಮಿಗೆ ಇಂಗಿ ಅಂತರ್ಜಲ ಏರಲಿ ಅಂತ. ಮೂರನೇ ಹಂತದ ಶುದ್ಧೀಕರಣವೂ ಆಗಬೇಕು ಅನ್ನುವುದು ಇಲ್ಲಿನ ನೀರಾವರಿ ಹೋರಾಟಗಾರರ ಬೇಡಿಕೆ.

‘ಐದು ನದಿ ಹುಟ್ಟೋ ಊರಲ್ಲಿ ಯಾಕೆ ನೀರಿಲ್ಲ?’ ಅಂತ ಅದೇ ಹೆಣ್ಣುಮಗಳು ಕೇಳಿದರು.

‘ಹುಟ್ಟುತ್ತವೆ ಮೇಡಂ, ಇಲ್ಲಿ ನಿಲ್ಲಲ್ಲ. ಮಳೆ ಬಂದಾಗ ಹರಿದು ಹೋಗ್ತವೆ. ವರ್ಷ ಪೂರ್ತಿ ಹರಿಯೋ ಹೊಳೆ ನಮಗೆ ಒಂದೂ ಇಲ್ಲ. ಅದಕ್ಕೇ ಹಿಂದಿನವರು ಕೆರೆ ಕಟ್ಟಿದ್ರು. ಆಮೇಲೆ ನಾವು ಬೋರ್ ಕೊರೆದ್ವಿ. ಸಾವಿರ ಅಡಿ ಹೋದ್ರೂ ಸಿಗದೇ ಇದ್ದದ್ದು ಇದೆ. ನಮ್ಮಪ್ಪಂದು ಹಂಗೇ ಆಯ್ತು.’

ಅಪ್ಪನ ಮಾತು ಬಂದ ಕೂಡಲೇ ಅವನು ನಿಲ್ಲಿಸಿ ಮತ್ತೆ ಪಂಪು ಹಿಡಿದ. ಆದರೆ ಅಲ್ಲಿಂದ ಮುಂದೆ 11 ಜನರಲ್ಲಿ ನಾಲ್ಕೈದು ಮಂದಿ ಸೈಕಲ್ ನಿಧಾನ ಮಾಡಿ ಅವನ ಪಕ್ಕದಲ್ಲೇ ತುಳಿಯುತ್ತಾ ಬಂದರು. ಮುದ್ದೇನಹಳ್ಳಿ ಹತ್ತಿರ ಬಂದಾಗ ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ ಊರು ಇದೇ ಅಂತ ತೋರಿಸಿದ. ‘ಅಣೆಕಟ್ಟು ಕಟ್ಟಿಸಿದವರ ಊರಲ್ಲೂ ನೀರಿಗೆ ಇದೇ ಕಥೆ’ ಅಂದ.

ಗುಡಿ

ಭೋಗನಂದೀಶ್ವರ ದೇವಸ್ಥಾನದ ಅಂಗಳದಲ್ಲಿ ಬಂದು ನಿಂತಾಗ ಮಧ್ಯಾಹ್ನ ಹತ್ತಿರ. ಲೀಡರ್ ಮೊಬೈಲ್ ನೋಡಿಕೊಂಡು ‘ಇದು ಚೋಳರು ಕಟ್ಟಿಸಿದ ದೇವಾಲಯ’ ಅಂತ ಎರಡು ನಿಮಿಷದಲ್ಲಿ ಮುಗಿಸಿದರು. ಹುಡುಗನ ಮುಖ ನೋಡಿದೆ. ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಕೆರೆ ಏರಿಯಲ್ಲಿ ಪ್ರಶ್ನೆ ಕೇಳಿದ್ದ ಹೆಣ್ಣುಮಗಳೇ ಅವನ ಕಡೆ ತಿರುಗಿ ‘ನೀವು ಹೇಳಿ, ಚೋಳರೇ ಕಟ್ಟಿಸಿದ್ದಾ?’ ಅಂದರು.

ಅವನು ಒಮ್ಮೆ ಲೀಡರ್ ಕಡೆ ನೋಡಿ, ಆಮೇಲೆ ಶುರು ಮಾಡಿದ.

‘ಒಬ್ಬರು ಕಟ್ಟಿಸಿದ್ದಲ್ಲ ಮೇಡಂ. ನಮ್ಮ ಹಳ್ಳಿ ಮನೆ ತರ. ತಾತ ಒಂದು ಪಡಸಾಲೆ ಕಟ್ಟಿರ್ತಾನೆ, ಅಪ್ಪ ಒಂದು ಕೋಣೆ ಸೇರಿಸ್ತಾನೆ, ಮಗ ಮುಂದೆ ಚಪ್ಪರ ಹಾಕ್ತಾನೆ. ಮೊದಲು ಶಿವನ ಗುಡಿ ಕಟ್ಟಿಸಿದ್ದು ರತ್ನಾವಳಿ ಅಂತ ಬಾಣರ ರಾಣಿ. ಸಾವಿರದ ಇನ್ನೂರು ವರ್ಷದ ಹಿಂದೆ. ತಾಮ್ರದ ತಗಡಲ್ಲಿ ಬರೆದಿಟ್ಟಿದ್ದಾರೆ. ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಆಮೇಲೆ ಸೇರಿಸ್ತಾ ಬಂದ್ರು.’

‘ರಾಣಿ ಕಟ್ಟಿಸಿದ್ದಾ?’ ಅಂದರು ಅವರು. ಆ ಒಂದು ಮಾತಿಗೆ ಗುಂಪಿನ ಹೆಂಗಸರೆಲ್ಲ ಹತ್ತಿರ ಬಂದರು.

ಹುಡುಗ ಧೈರ್ಯ ಮಾಡಿಕೊಂಡು ಮುಂದೆ ನಡೆದ. ಒಂದು ಕಡೆ ಅರುಣಾಚಲೇಶ್ವರ, ಇನ್ನೊಂದು ಕಡೆ ಭೋಗನಂದೀಶ್ವರ, ನಡುವೆ ಉಮಾಮಹೇಶ್ವರನ ಚಿಕ್ಕ ಗುಡಿ. ಅರುಣಾಚಲೇಶ್ವರ ಅಂದರೆ ಶಿವನ ಬಾಲ್ಯ, ಭೋಗನಂದೀಶ್ವರ ಅಂದರೆ ಯೌವನ, ಎಲ್ಲ ಬಿಟ್ಟು ಯೋಗಿಯಾದವನು ಬೆಟ್ಟದ ಮೇಲಿನ ಯೋಗನಂದೀಶ್ವರ. ಅದಕ್ಕೇ ಮದುವೆಯಾದವರು ಮೊದಲು ಕೆಳಗಿನ ಗುಡಿಗೆ ಬರುತ್ತಾರೆ ಅಂತ ಹೇಳಿ ನಗಿಸಿದ. ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳ ಮೇಲಿನ ಬಳ್ಳಿ, ಗಿಳಿ ತೋರಿಸಿದ. ಶೃಂಗಿ ತೀರ್ಥ ಅನ್ನುವ ಕಲ್ಯಾಣಿಯ ಮೆಟ್ಟಿಲ ಮೇಲೆ ಎಲ್ಲರನ್ನೂ ಕೂರಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಒಬ್ಬರು ಒಂದು ಶಿಲ್ಪ ತೋರಿಸಿ ಯಾರು ಅಂತ ಕೇಳಿದರು. ‘ನನಗೆ ಗೊತ್ತಿಲ್ಲ ಸಾರ್, ಅರ್ಚಕರನ್ನ ಕೇಳೋಣ’ ಅಂದ. ಕಥೆ ಕಟ್ಟಲಿಲ್ಲ. ನನಗೆ ಅದು ಎಲ್ಲಕ್ಕಿಂತ ಇಷ್ಟವಾಯಿತು.

ಮೊದಲೇ ಯಾಕೆ ಹೇಳಲಿಲ್ಲ ಅಂತ ಆಮೇಲೆ ಕೇಳಿದೆ.

‘ನಾನು ಹೆಲ್ಪರ್ ಅಲ್ವಾ ಮಾವ. ಅವರು ಹೇಳುವಾಗ ಮಧ್ಯೆ ಬಾಯಿ ಹಾಕಿದ್ರೆ ಮುಂದಿನ ವಾರ ಕರೀದೇ ಹೋದ್ರೆ?’

ಲೆಕ್ಕ

ಊಟ ನಮ್ಮ ಅಕ್ಕನ ಮನೆಯಲ್ಲಿ. ಅವರೆಕಾಯಿ ಕಾಲ. ರಾಗಿಮುದ್ದೆ, ಹಿತಕಿದ ಬೇಳೆ ಸಾರು, ಅನ್ನ, ಮಜ್ಜಿಗೆ. ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಅಕ್ಕ ಹೇಳಿಕೊಟ್ಟಳು. ಒಬ್ಬರು ಮೂರು ಸಲ ಸಾರು ಹಾಕಿಸಿಕೊಂಡರು.

ಅವರು ಊಟ ಮಾಡುತ್ತಿದ್ದಾಗ ನಾನು ಜಗಲಿಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಒಂದು ಲೆಕ್ಕ ಹಾಕಿದೆ. 11 ಜನ, ತಲೆಗೆ 3,500. ಒಟ್ಟು 38,500 ರೂಪಾಯಿ. ಹುಡುಗನ ಕೂಲಿ 800. ಲೀಡರ್, ಡ್ರೈವರ್ ಸೇರಿ 13 ಊಟ, ಒಂದಕ್ಕೆ 150ರಂತೆ 1,950. ದಾರಿಯಲ್ಲಿ ಕುಡಿದ 13 ಎಳನೀರಿಗೆ 520. ಊರಿನವರ ಕೈಗೆ ಬಂದದ್ದು 3,270. ಅಂದರೆ ನೂರು ರೂಪಾಯಿಗೆ ಸುಮಾರು ಎಂಟೂವರೆ.

ಲೀಡರ್‌ಗೆ ಈ ಲೆಕ್ಕ ತೋರಿಸಿದೆ. ಅವರೇನು ಕೆಟ್ಟವರಲ್ಲ, ಅವರೂ ಸಂಬಳಕ್ಕೆ ದುಡಿಯುವವರು. ಗಾಡಿ ಬಾಡಿಗೆ, ಡೀಸೆಲ್, ಸೈಕಲ್ ಬಾಡಿಗೆ, ಟಿಕೆಟ್, ವಿಮೆ, ಜಾಹೀರಾತು ಅಂತ ಪಟ್ಟಿ ಹೇಳಿದರು. ಅದೂ ನ್ಯಾಯವೇ. ಪುಕ್ಕಟೆ ಯಾವುದೂ ಆಗುವುದಿಲ್ಲ. ಆಮೇಲೆ ಒಂದು ಮಾತು ಹೇಳಿದರು: ‘ನಿಮ್ಮ ಹುಡುಗನಿಗೆ ಇಷ್ಟು ಗೊತ್ತು ಅಂತ ನನಗೆ ಇವತ್ತೇ ಗೊತ್ತಾಗಿದ್ದು. ಅವನು ಯಾವತ್ತೂ ಹೇಳೇ ಇಲ್ಲ.’

ನನ್ನನ್ನು ಯೋಚನೆಗೆ ಹಚ್ಚಿದ್ದು ಆ ಮಾತು. ಅವನು ಹೇಳಿಲ್ಲ, ಅವರು ಕೇಳಿಲ್ಲ. ಕಲ್ಲು ಸವರಿ ದಾರಿ ಹೇಳುವುದು, ಕೆರೆಯ ನೀರು ಎಲ್ಲಿಂದ ಬಂತು ಅಂತ ಹೇಳುವುದು, ಗುಡಿಯನ್ನು ಮನೆಗೆ ಹೋಲಿಸಿ ತಿಳಿಸುವುದು ಇವೆಲ್ಲ ವಿದ್ಯೆ ಅಂತ ನಮ್ಮ ಹುಡುಗರಿಗೇ ಅನ್ನಿಸಿಲ್ಲ. ಇಂಗ್ಲಿಷ್ ಬಂದರೆ ಮಾತ್ರ ವಿದ್ಯೆ, ಮೂಟೆ ಹೊರುವುದೇ ತಮ್ಮ ಪಾಲಿನ ಕೆಲಸ ಅಂತ ಅವರೇ ತೀರ್ಮಾನ ಮಾಡಿಕೊಂಡಿದ್ದಾರೆ. ಅವತ್ತು ಅವನು ಮಾತಾಡಿದ್ದು ಕನ್ನಡದಲ್ಲೇ. ಕನ್ನಡ ಬಾರದ ಇಬ್ಬರಿಗೆ ಪಕ್ಕದವರೇ ಹೇಳಿದರು. ಯಾರಿಗೂ ತೊಂದರೆ ಆಗಲಿಲ್ಲ.

ನಿಮ್ಮೂರ ಹತ್ತಿರವೂ ಒಂದು ಬೆಟ್ಟ, ಒಂದು ಹಳೇ ಗುಡಿ, ಒಂದು ಕೆರೆ ಇರಬಹುದು. ಇವತ್ತಲ್ಲ ನಾಳೆ ಅಲ್ಲಿಗೂ ಗಾಡಿ ಬರುತ್ತದೆ. ಅಷ್ಟರಲ್ಲಿ ಮಾಡಬಹುದಾದ ಕೆಲಸ ಇದೆ. ಗುಡಿಯ ಶಾಸನದಲ್ಲಿ ಏನಿದೆ ಅಂತ ಮೇಷ್ಟರನ್ನೋ ಅರ್ಚಕರನ್ನೋ ಕೇಳಿ ಬರೆದಿಟ್ಟುಕೊಳ್ಳಿ. ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಕೋಡಿ ಬಿದ್ದರೆ ಎಲ್ಲಿಗೆ ಹೋಗುತ್ತದೆ ಅಂತ ನೀರುಗಂಟಿ ಮನೆತನದವರಲ್ಲಿ ಕೇಳಿ. ಪುರಾಣ ಯಾವುದು, ಚರಿತ್ರೆ ಯಾವುದು ಅಂತ ಬೇರೆ ಬೇರೆಯಾಗಿ ಹೇಳುವುದನ್ನು ರೂಢಿ ಮಾಡಿಕೊಳ್ಳಿ. ಎರಡೂ ಚಂದವೇ, ಕಲಸಿ ಹೇಳಬಾರದು ಅಷ್ಟೇ. ಅರಣ್ಯ ಇಲಾಖೆಯ ಜಾಗವಾದರೆ ನಿಯಮ ತಿಳಿದುಕೊಳ್ಳಿ. ಕಂಪನಿಯವರು ಬಂದಾಗ ಕೆಲಸ ಏನು, ದಿನಕ್ಕೆ ಎಷ್ಟು, ಯಾರಿಗಾದರೂ ಪೆಟ್ಟಾದರೆ ನಿಮಗೂ ವಿಮೆ ಇದೆಯೇ ಅಂತ ಮೊದಲೇ ಕೇಳಿ.

ನಮ್ಮ ಹುಡುಗ ಮುಂದಿನ ವಾರವೇ ಕೇಳಿದ. ಗುಡಿ ಮತ್ತು ಕೆರೆಯ ಭಾಗವನ್ನು ತಾನೇ ಹೇಳುತ್ತೇನೆ, ದಿನಕ್ಕೆ 1,500 ಕೊಡಿ ಅಂದನಂತೆ. ಆಫೀಸಿನಲ್ಲಿ ಮಾತಾಡಿ ಹೇಳುತ್ತೇವೆ ಅಂದಿದ್ದಾರೆ. ಇನ್ನೂ ಉತ್ತರ ಬಂದಿಲ್ಲ. ಈ ನಡುವೆ ಅವನು ಒಂದು ರೂಲ್ಡ್ ನೋಟ್‌ಬುಕ್ ತೆಗೆದುಕೊಂಡು, ಅವತ್ತು ತನಗೆ ಗೊತ್ತಿಲ್ಲದ ಆ ಶಿಲ್ಪ ಯಾರದು ಅಂತ ಅರ್ಚಕರ ಹತ್ತಿರ ಕೇಳಿ ಬರೆದುಕೊಂಡು ಬಂದಿದ್ದಾನೆ.