ನೆಬ್ರಾಸ್ಕದ ನಚಿಕೇತ

ದಸರಾ ರಜೆಗೆಂದು ಬಂದಿದ್ದ ಮೊಮ್ಮಗ ಊರಿಗೆ ಹಿಂದಿರುಗುವ ಮುನ್ನಾದಿನ, "ತಾತ, ನೀವು ಹೇಳುವ ನಚಿಕೇತನ ಕಥೆಯಂಥದೇ ಒಂದು ಸಿನಿಮಾ ಇದೆ, ನೋಡುತ್ತೀರಾ?" ಎಂದು ಕೇಳಿದ. ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ಆ ಕಥೆ ನೆನಪಿರಲೇಬೇಕು. ಯಮನ ಮನೆಯ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕಾದ ಹುಡುಗ, ಸತ್ತ ಮೇಲೆ ಮನುಷ್ಯ ಇರುತ್ತಾನೋ ಇಲ್ಲವೋ ಹೇಳು ಎಂದು ಕೇಳಿದ್ದು, ಈ ವಿಷಯದಲ್ಲಿ ದೇವತೆಗಳಿಗೇ ಸಂಶಯವಿದೆಯಪ್ಪಾ, ಬೇರೆ ಏನಾದರೂ ಕೇಳು ಎಂದು ಯಮ ಆನೆ, ಕುದುರೆ, ಚಿನ್ನಗಳ ಆಸೆ ತೋರಿಸಿದ್ದು. ಮೂವತ್ತನಾಲ್ಕು ವರ್ಷ ಅದನ್ನು ಹೇಳಿದೆ. ಹೇಳುವಾಗ ನನ್ನ ಧ್ವನಿ ಏರುತ್ತಿತ್ತೆಂದು ನೀವು ಈಗಲೂ ಹಾಸ್ಯ ಮಾಡುವುದುಂಟು.

ಚಿತ್ರದ ಹೆಸರು 'ಹೆವನ್ ಈಸ್ ಫಾರ್ ರಿಯಲ್'. ಸ್ವರ್ಗವೆಂಬುದು ನಿಜಕ್ಕೂ ಇದೆ ಎಂದು ಅರ್ಥ. 2014ರ ಏಪ್ರಿಲ್‌ನಲ್ಲಿ, ಈಸ್ಟರ್ ಹಬ್ಬದ ವಾರದಲ್ಲಿ ತೆರೆಕಂಡದ್ದು. ನಿರ್ದೇಶಕ ರ‍್ಯಾಂಡಲ್ ವಾಲೇಸ್. 'ಬ್ರೇವ್‌ಹಾರ್ಟ್' ಚಿತ್ರಕಥೆ ಬರೆದವರು ಇವರೇ. ಸುಮಾರು 1.2 ಕೋಟಿ ಡಾಲರಿನಲ್ಲಿ ತಯಾರಾಗಿ 10 ಕೋಟಿಗೂ ಮಿಕ್ಕಿ ಗಳಿಸಿತೆಂದರೆ, ಈ ಪ್ರಶ್ನೆಗೆ ಉತ್ತರ ಕೇಳಲು ಎಷ್ಟು ಜನ ಕಾದಿದ್ದರೆಂಬುದು ತಿಳಿಯುತ್ತದೆ.

ಕಥೆ ನಡೆದದ್ದೆಂದು ಹೇಳುತ್ತಾರೆ. ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ, ಹೊಲಗಳ ನಡುವೆ ಇಂಪೀರಿಯಲ್ ಎಂಬ ಪುಟ್ಟ ಊರು. ಅಲ್ಲಿನ ಪಾದ್ರಿ ಟಾಡ್ ಬರ್ಪೊ, ಚರ್ಚಿನ ಕೆಲಸದ ಜೊತೆಗೆ ಗ್ಯಾರೇಜಿನ ಬಾಗಿಲು ರಿಪೇರಿ ಮಾಡಿ ಜೀವನ ನಡೆಸುವವರು. ನಮ್ಮ ಹಳ್ಳಿಯ ಪುರೋಹಿತರು ಬೇಸಾಯವನ್ನೂ ಮಾಡಿಕೊಂಡಿದ್ದ ಹಾಗೆ! 2003ರಲ್ಲಿ, ನಾಲ್ಕು ತುಂಬಲು ಕೆಲವೇ ತಿಂಗಳಿದ್ದ ಅವರ ಮಗ ಕೋಲ್ಟನ್‌ಗೆ ಅಪೆಂಡಿಕ್ಸ್ ಒಡೆದು ಶಸ್ತ್ರಚಿಕಿತ್ಸೆಯಾಯಿತು. ಮಗು ಬದುಕಿತು. ಆ ಮೇಲೆ ಒಂದೊಂದಾಗಿ, ಆಟವಾಡುತ್ತ, ತಾನು ಸ್ವರ್ಗಕ್ಕೆ ಹೋಗಿದ್ದೆನೆಂದೂ ಯೇಸುವಿನ ತೊಡೆಯ ಮೇಲೆ ಕುಳಿತಿದ್ದೆನೆಂದೂ ತಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ ಮುತ್ತಜ್ಜನನ್ನು ಕಂಡೆನೆಂದೂ ಹೇಳತೊಡಗಿತು. ತಂದೆ ಇದನ್ನು 2010ರಲ್ಲಿ ಪುಸ್ತಕ ಮಾಡಿದರು. ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು.

ನಾನು ಮೇಷ್ಟ್ರು, ಸುಲಭಕ್ಕೆ ಅಂಕ ಕೊಡುವವನಲ್ಲ. ಆ ಮಗುವಿನ ಹೃದಯ ನಿಂತಿರಲಿಲ್ಲ, ಅದು ಸತ್ತಿರಲೇ ಇಲ್ಲ. ಪಾದ್ರಿಯ ಮನೆಯ ಮಗು ದೇವದೂತರ ಕಥೆ ಕೇಳದೆ ಬೆಳೆದಿರಲು ಸಾಧ್ಯವೆ? ನಮ್ಮ ಮನೆಯ ಮಗುವಾಗಿದ್ದರೆ ಕೈಲಾಸವನ್ನೋ ವೈಕುಂಠವನ್ನೋ ನೋಡಿ ಬರುತ್ತಿತ್ತು. ಕ್ರೈಸ್ತರಲ್ಲೇ ಎಲ್ಲರೂ ಒಪ್ಪಲಿಲ್ಲ. ಅಮೆರಿಕದ ದೊಡ್ಡ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟರು 2014ರ ಜೂನ್ ಸಮಾವೇಶದಲ್ಲಿ, ಪರಲೋಕದ ವಿಷಯದಲ್ಲಿ ತಮಗೆ ಬೈಬಲ್ ಸಾಕು, ಹೋಗಿ ಬಂದವರ ವೃತ್ತಾಂತ ಬೇಕಿಲ್ಲ ಎಂಬ ಭಾವದ ನಿರ್ಣಯವನ್ನೇ ಮಾಡಿದರು. ಇಂಥದೇ ಪುಸ್ತಕಕ್ಕೆ ವಸ್ತುವಾಗಿದ್ದ ಇನ್ನೊಬ್ಬ ಹುಡುಗ 2015ರ ಜನವರಿಯಲ್ಲಿ, ತಾನು ಹೇಳಿದ್ದೆಲ್ಲ ಕಟ್ಟುಕಥೆಯೆಂದು ಬಹಿರಂಗವಾಗಿ ಒಪ್ಪಿಕೊಂಡ. ಪ್ರಕಾಶಕರು ಆ ಪುಸ್ತಕವನ್ನು ಹಿಂತೆಗೆದುಕೊಂಡರು. ಕೋಲ್ಟನ್ ಮಾತ್ರ ತನ್ನ ಮಾತಿಗೆ ಬದ್ಧನಾಗಿಯೇ ನಿಂತ.

ಚಿತ್ರ ಸ್ವರ್ಗವನ್ನು ತೋರಿಸುವ ಕಡೆಯೆಲ್ಲ ನನಗೆ ಸಪ್ಪೆಯೆನಿಸಿತು. ಮೋಡ, ಬೆಳಕು, ರೆಕ್ಕೆ! ಕ್ಯಾಲೆಂಡರಿನ ಚಿತ್ರದಂತಿದೆ. ತೋರಿಸದೆ ಬಿಟ್ಟ ಕಡೆ ಚೆನ್ನಾಗಿದೆ. ಮಗನ ಮಾತು ಕೇಳಿದ ಮೇಲೆ ತಂದೆಗೇ ನಿದ್ದೆಯಿಲ್ಲ. ಪ್ರತಿ ಭಾನುವಾರ ಪೀಠದ ಮೇಲೆ ನಿಂತು ಸ್ವರ್ಗದ ವಿಷಯ ಹೇಳುತ್ತಿದ್ದವನು, ಮನೆಯಲ್ಲೇ ಒಬ್ಬ ಅದನ್ನು ಕಂಡೆನೆಂದಾಗ, ತಾನು ಹೇಳುತ್ತಿದ್ದುದನ್ನು ತಾನೇ ನಂಬಿದ್ದೆನೇ ಎಂದು ತೊಳಲುತ್ತಾನೆ. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ, ಚರ್ಚಿನ ಸಮಿತಿಯ ಹಿರಿಯ ಹೆಂಗಸೊಬ್ಬಳಿಗೆ ಈ ಗದ್ದಲವೇ ಬೇಡ. ನಿನ್ನ ಮಗ ಹಿಂದಿರುಗಿದ, ನನ್ನವನೇಕೆ ಬರಲಿಲ್ಲ ಎಂಬುದು ಅವಳ ಸಂಕಟ. ಆ ನಟಿಯ ಮುಖ ಈಗಲೂ ಕಣ್ಣಮುಂದಿದೆ.

ಆದರೆ ಈ ಬರಹಕ್ಕೆ ಕಾರಣವಾದದ್ದು ಇನ್ನೊಂದು ದೃಶ್ಯ. ಮಗು ತಾಯಿಯ ಬಳಿ ಬಂದು, ಸ್ವರ್ಗದಲ್ಲಿ ತನಗೊಬ್ಬಳು ಅಕ್ಕ ಸಿಕ್ಕಳು, ಅವಳು ನಿನ್ನ ಹೊಟ್ಟೆಯಲ್ಲೇ ತೀರಿಹೋದವಳು ಎನ್ನುತ್ತದೆ. ಗರ್ಭ ಕಳೆದುಕೊಂಡದ್ದನ್ನು ತಾಯಿ ಮಗುವಿಗೆ ಹೇಳಿಯೇ ಇರಲಿಲ್ಲ. ಅಲ್ಲಿಯವರೆಗೆ ಸಿಡಿಮಿಡಿಗೊಳ್ಳುತ್ತಿದ್ದ ಅವಳು ಕುಸಿದು ಕೇಳುತ್ತಾಳೆ: ಅವಳ ಹೆಸರೇನು? ಹೆಸರಿಲ್ಲ, ನೀವು ಇಟ್ಟಿರಲಿಲ್ಲವಲ್ಲ ಎನ್ನುತ್ತದೆ ಮಗು.

ನನ್ನ ಶ್ರೀಮತಿ ಪಕ್ಕದ ಕುರ್ಚಿಯಿಂದ ಎದ್ದು ಒಳಗೆ ಹೋದಳು. ಹಾಲು ಕಾಯಿಸಲೆಂದುಕೊಂಡೆ.

ಮಕ್ಕಳಿಗೂ ನಾವು ಸರಿಯಾಗಿ ಹೇಳಿರದ ಸಂಗತಿ ಇದು. 1974ರ ಏಪ್ರಿಲ್‌ನಲ್ಲಿ ನಾನು ಪರೀಕ್ಷೆಯ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೋಗಿದ್ದೆ. ಅವಳಿಗೆ ಏಳನೆಯ ತಿಂಗಳು. ತಂತಿ ಕೈಸೇರಿ ನಾನು ಊರು ಮುಟ್ಟುವಷ್ಟರಲ್ಲಿ ಎರಡು ದಿನವಾಗಿತ್ತು. ಹೆಣ್ಣುಮಗು, ಹುಟ್ಟುವಾಗಲೇ ಉಸಿರಿರಲಿಲ್ಲವಂತೆ. ಹಲ್ಲು ಹುಟ್ಟದ ಮಗುವಿಗೆ ದಹನವಿಲ್ಲ, ತಿಥಿಯಿಲ್ಲ, ಪಿಂಡವಿಲ್ಲ. ಚಿಕ್ಕಪ್ಪ ತೋಟದ ಬದಿಯಲ್ಲಿ ಹೂಳಿ ಬಂದಿದ್ದರು. ಆ ಮಾತು ಇನ್ನು ಎತ್ತಬಾರದು, ಮುಂದಿನದಕ್ಕೆ ಒಳ್ಳೆಯದಲ್ಲ ಎಂದರು ಹಿರಿಯರು. ಎತ್ತಲಿಲ್ಲ. ಒಂದು ವಾರ ಕಳೆದು ನಾನು ಮತ್ತೆ ಉತ್ತರ ಪತ್ರಿಕೆಗಳ ಮುಂದೆ ಕುಳಿತೆ. ಜೂನ್‌ನಲ್ಲಿ ಶಾಲೆ ತೆರೆಯಿತು, ನಚಿಕೇತನ ಪಾಠ ಬಂತು. ಧ್ವನಿ ಏರಿಸಿಯೇ ಮಾಡಿರಬೇಕು. ಸಾವಿನ ಬಗ್ಗೆ ಇಷ್ಟೆಲ್ಲ ಹೇಳುತ್ತಿದ್ದವನು ಮನೆಗೆ ಹೋಗಿ ಅವಳನ್ನು ಒಂದು ಮಾತೂ ಕೇಳಲಿಲ್ಲ. ದಿನವೂ ಹಾಜರಿ ಪುಸ್ತಕದಲ್ಲಿ ನಿಮ್ಮೆಲ್ಲರ ಹೆಸರು ಕೂಗಿದ ಬಾಯಿ ಇದು.

ಚಿತ್ರ ಮುಗಿದು ಮೊಮ್ಮಗ ಮಲಗಿದ ಮೇಲೆ ಅಡುಗೆಮನೆಗೆ ಹೋದೆ. ದೀಪ ಹಾಕದೆ ಕುಳಿತಿದ್ದಳು. "ಆ ಹುಡುಗ ಹೇಳಿದ್ದು ನಿಜವಿರಬಹುದೇ?" ಎಂದಳು. ನನ್ನ ಅಪೆಂಡಿಕ್ಸು, ಬ್ಯಾಪ್ಟಿಸ್ಟರ ನಿರ್ಣಯ ಎಲ್ಲವೂ ನಾಲಿಗೆಯ ತುದಿಯಲ್ಲಿದ್ದವು. ಗೊತ್ತಿಲ್ಲ ಎಂದೆ. "ನಾವೂ ಹೆಸರಿಡಲಿಲ್ಲ" ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ನೀವು ಇಡಲಿಲ್ಲ. ನಾನು ಇಟ್ಟಿದ್ದೆ" ಎಂದಳು. ಹೇಳಿದಳು. ಅದನ್ನು ಇಲ್ಲಿ ಬರೆಯಲು ಅವಳ ಒಪ್ಪಿಗೆಯಿಲ್ಲ.

ಆ ಮಗು ಈಗ ಎಲ್ಲಾದರೂ ಇದೆಯೆಂದು ನಾನು ನಂಬುತ್ತೇನೆಯೇ ಎಂದು ಕೇಳಬೇಡಿ. ಆದರೆ ಮಾರ್ಗಶಿರದಲ್ಲಿ ನಾವಿಬ್ಬರೂ ಊರಿಗೆ ಹೋಗುವವರಿದ್ದೇವೆ. ತೋಟ ಎರಡು ಸಲ ಪಾಲಾಗಿದೆ, ಬದುಗಳೆಲ್ಲ ಬದಲಾಗಿವೆಯಂತೆ. ಚಿಕ್ಕಪ್ಪ ಹೋಗಿ ಇಪ್ಪತ್ತು ವರ್ಷವಾಯಿತು. ಹಳೆಯ ಬಾವಿಯಿಂದ ಮೂಡಲಿಗೆ, ಹಲಸಿನ ಮರದ ಆಚೆ ಎಂದಷ್ಟೇ ಅವಳಿಗೆ ಯಾರೋ ಹೇಳಿದ ನೆನಪು. ಅಂದು ಚಿಕ್ಕಪ್ಪನ ಜೊತೆಯಲ್ಲಿ ಗುದ್ದಲಿ ಹಿಡಿದು ಹೋಗಿದ್ದವರು ಅಥವಾ ಅವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ನನಗೆ ಒಂದು ಸಾಲು ಬರೆಯಿರಿ.