ಕುದುರೆ ಕೇಳಿಸಿಕೊಂಡ ಮಾತು

1904ರ ಶರತ್ಕಾಲ. ಬರ್ಲಿನ್ ನಗರದ ಉತ್ತರ ಭಾಗದಲ್ಲಿ, ಗ್ರೀಬೆನೋ ಬೀದಿಯ ಒಂದು ಅಂಗಳಕ್ಕೆ ಕಾಲಿಡುತ್ತಿದ್ದೀರಿ. ಸುತ್ತ ಎತ್ತರದ ವಠಾರಗಳು, ನೆತ್ತಿಯ ಮೇಲೆ ಒಂದು ತುಂಡು ಆಕಾಶ, ಕಾಲಡಿಯಲ್ಲಿ ತಣ್ಣನೆಯ ಕಲ್ಲುಹಾಸು. ಲಾಯದ ಬಾಗಿಲು ತೆರೆದಿದೆ. ಒಣಹುಲ್ಲು, ಲದ್ದಿ, ಬೆವರು ಬೆರೆತ ವಾಸನೆ ಮೂಗಿಗೆ ಅಡರುತ್ತದೆ. ಅಂಗಳದ ನಡುವೆ ಹಾನ್ಸ್ ನಿಂತಿದ್ದಾನೆ, ರಷ್ಯಾದ ತಳಿಯ ಗಂಡು ಕುದುರೆ. ಪಕ್ಕದಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟೆನ್, ನಿವೃತ್ತ ಶಾಲಾ ಮೇಷ್ಟ್ರು. ಬಿಳಿಗೂದಲಿನ ಮೇಲೆ ಅಗಲ ಅಂಚಿನ ಕರಿ ಟೊಪ್ಪಿ. ಕೈಯಲ್ಲಿ ಚಾಟಿ ಇಲ್ಲ.

"ಐದನೇ ಎರಡಕ್ಕೆ ಅರ್ಧ ಕೂಡಿಸಿದರೆ ಎಷ್ಟು?"

ಕುದುರೆಯ ಬಲಗಾಲು ಮೇಲೇಳುತ್ತದೆ. ಗೊರಸು ಕಲ್ಲಿಗೆ ಬಡಿಯುತ್ತದೆ. ಟಕ್, ಟಕ್, ಟಕ್. ನೀವು ಮನಸ್ಸಿನಲ್ಲೇ ಎಣಿಸುತ್ತೀರಿ. ಒಂಬತ್ತಕ್ಕೆ ನಿಲ್ಲುತ್ತದೆ. ಅರೆಗಳಿಗೆ ಬಿಟ್ಟು ಮತ್ತೆ ಶುರು, ಈ ಸಲ ಹತ್ತು. ಹತ್ತನೇ ಒಂಬತ್ತು. ಲೆಕ್ಕ ಸರಿ! ಮೇಷ್ಟ್ರ ಅಂಗೈಯಲ್ಲಿದ್ದ ಗಜ್ಜರಿ ಕುದುರೆಯ ಹಲ್ಲಿನ ನಡುವೆ ಕರಂಕುರುಂ ಎನ್ನುತ್ತದೆ. ನಿಮ್ಮ ಮೈ ಜುಮ್ಮೆನ್ನುತ್ತದೆ. ಮನುಷ್ಯನ ಮಾತು ಪ್ರಾಣಿಯ ತಲೆಯೊಳಗೆ ಇಳಿದಿದೆ, ಅಲ್ಲಿಂದ ಉತ್ತರವೂ ಬಂದಿದೆ. ಇದು ನಿಜವೇ ಆಗಿರಲಿ ಎಂದು ಎದೆ ಹಂಬಲಿಸುತ್ತದೆ.

ಮೋಸವೇನಾದರೂ ಇದೆಯೇ? ಇಲ್ಲ. ಮೇಷ್ಟ್ರು ಯಾರಿಂದಲೂ ಒಂದು ಕಾಸು ತೆಗೆದುಕೊಳ್ಳುವುದಿಲ್ಲ. ಅವರು ದೂರ ಹೋಗಿ ಅಪರಿಚಿತರು ಕೇಳಿದರೂ ಹಾನ್ಸ್ ಉತ್ತರಿಸುತ್ತಾನೆ. ಸೆಪ್ಟೆಂಬರಿನಲ್ಲಿ ಒಂದು ಸಮಿತಿ ಬಂದು ನೋಡಿತ್ತು. ಅದರಲ್ಲಿ ಸರ್ಕಸ್ ಮಾಲೀಕ ಪಾಲ್ ಬುಶ್ ಕೂಡ ಇದ್ದರು, ಪ್ರಾಣಿಗಳಿಗೆ ಕಲಿಸುವ ಎಲ್ಲ ಕೈಚಳಕ ಬಲ್ಲವರು. ಬೇಕೆಂದು ಮಾಡಿದ ಯಾವ ಸನ್ನೆಯೂ ಇಲ್ಲಿಲ್ಲ ಎಂದು ಸಮಿತಿಯವರು ಬರೆದುಕೊಟ್ಟರು. ಹಾಗಾದರೆ ಇದೇನು? ಅದನ್ನು ಹುಡುಕಲು ಮನೋವಿಜ್ಞಾನಿ ಕಾರ್ಲ್ ಸ್ಟುಂಫ್ ತಮ್ಮ ಶಿಷ್ಯ ಆಸ್ಕರ್ ಫುಂಗ್ಸ್ಟ್‌ನನ್ನು ಕಳಿಸಿದ್ದಾರೆ. ಅಂಗಳದಲ್ಲಿ ಡೇರೆ ಕಟ್ಟಿದ್ದಾರೆ, ನೆರೆಹೊರೆಯವರ ಕಣ್ಣು ಬೀಳದಂತೆ. ಇವತ್ತು ಡೇರೆಯೊಳಗೆ ಪ್ರಶ್ನೆ ಕೇಳುವ ಸರದಿ ನಿಮ್ಮದು.

ಫುಂಗ್ಸ್ಟ್ ಅಂಕಿ ಬರೆದ ರಟ್ಟುಗಳನ್ನು ಕೊಡುತ್ತಾನೆ. ಮೊದಲ ಸುತ್ತಿನಲ್ಲಿ ನೀವೂ ರಟ್ಟು ನೋಡಬೇಕು, ಕುದುರೆಗೂ ತೋರಿಸಬೇಕು. ಎಂಟು. ಹಾನ್ಸ್ ಎಂಟು ಬಡಿಯುತ್ತಾನೆ. ಐದು. ಐದು ಬಡಿಯುತ್ತಾನೆ. ತಪ್ಪೇ ಇಲ್ಲ. ಎರಡನೇ ಸುತ್ತಿನಲ್ಲಿ ಬದಲಾವಣೆ ಇಷ್ಟೇ: ರಟ್ಟನ್ನು ನೀವು ನೋಡಬಾರದು.

ರಟ್ಟು ಎತ್ತಿ ಹಿಡಿಯುತ್ತೀರಿ. ಅದರಲ್ಲಿ ಏನಿದೆಯೋ ನಿಮಗೆ ಗೊತ್ತಿಲ್ಲ. ಕುದುರೆಗೆ ಮಾತ್ರ ಕಾಣುತ್ತಿದೆ. ಗೊರಸು ಬಡಿಯತೊಡಗುತ್ತದೆ. ಆರು, ಏಳು, ಎಂಟು, ಒಂಬತ್ತು. ನಿಲ್ಲುವುದಿಲ್ಲ. ಹತ್ತು, ಹನ್ನೊಂದು. ಹಾನ್ಸ್‌ನ ದೊಡ್ಡ ಒದ್ದೆ ಕಣ್ಣು ರಟ್ಟಿನ ಮೇಲಿಲ್ಲ, ನಿಮ್ಮ ಮೇಲಿದೆ. ನಿಮ್ಮ ಗಂಟಲು ಒಣಗುತ್ತದೆ. ಹನ್ನೆರಡು, ಹದಿಮೂರು... ನಿಲ್ಲಿಸು ಎಂದು ಕೂಗಬೇಕೆನಿಸುತ್ತದೆ, ಕೂಗುವಂತಿಲ್ಲ. ಹದಿನಾಲ್ಕು. ರಟ್ಟು ತಿರುಗಿಸಿ ನೋಡಿದರೆ ಎಂಟು.

ಎಷ್ಟು ಸಲ ಮಾಡಿದರೂ ಇದೇ ಕಥೆ. ಕೇಳುವವರಿಗೆ ಉತ್ತರ ಗೊತ್ತಿದ್ದರೆ ನೂರಕ್ಕೆ 98 ಸರಿ, ಗೊತ್ತಿಲ್ಲದಿದ್ದರೆ ಬರೀ 8. ಈಗ ಫುಂಗ್ಸ್ಟ್ ಕುದುರೆಯ ಕಣ್ಣಿಗೆ ಅಗಲವಾದ ಪಟ್ಟಿ ಕಟ್ಟುತ್ತಾನೆ. ನಿಮಗೆ ಉತ್ತರ ಗೊತ್ತು, ಆದರೆ ನೀವು ಹಾನ್ಸ್‌ಗೆ ಕಾಣುವುದಿಲ್ಲ. ಪ್ರಶ್ನೆ ಕೇಳುತ್ತೀರಿ, ಗಟ್ಟಿಯಾಗಿ, ಸ್ಪಷ್ಟವಾಗಿ. ಮಾತು ಅರ್ಥವಾಗುವ ಹಾಗಿದ್ದರೆ ಇಷ್ಟು ಸಾಕಲ್ಲ! ಹಾನ್ಸ್ ಕತ್ತು ತಿರುಚುತ್ತಾನೆ. ಹಗ್ಗ ಜಗ್ಗುತ್ತಾನೆ. ನಿಮ್ಮನ್ನು ನೋಡಲೇಬೇಕು ಅವನಿಗೆ. ಮೂಗಿನ ಹೊಳ್ಳೆ ಅರಳಿದೆ, ಬಿಸಿಯುಸಿರು ಮುಖಕ್ಕೆ ರಾಚುತ್ತದೆ, ಕಿವಿಗಳು ಹಿಂದಕ್ಕೆ ಮಡಿಚಿಕೊಂಡಿವೆ. ಇನ್ನೊಂದು ಹೆಜ್ಜೆ ಹತ್ತಿರ ಹೋದರೆ ಕಚ್ಚುತ್ತಾನೆ. ಫುಂಗ್ಸ್ಟ್ ಈಗಾಗಲೇ ಆ ಹಲ್ಲಿನ ರುಚಿ ಕಂಡಿದ್ದಾನೆ. ಉತ್ತರ ಬರುತ್ತದೆ, ಪೂರಾ ತಪ್ಪು.

ಇಲ್ಲಿಂದ ಫುಂಗ್ಸ್ಟ್ ಕುದುರೆಯನ್ನು ನೋಡುವುದು ಬಿಟ್ಟು ಮನುಷ್ಯರನ್ನು ನೋಡತೊಡಗುತ್ತಾನೆ. ಅವನ ಜೊತೆ ನೀವೂ ಮೇಷ್ಟ್ರ ಟೊಪ್ಪಿಯ ಅಂಚಿನ ಮೇಲೆ ಕಣ್ಣು ನೆಡುತ್ತೀರಿ. ಪ್ರಶ್ನೆ ಮುಗಿಯುತ್ತಲೇ ಮೇಷ್ಟ್ರ ತಲೆ ಎಳ್ಳಷ್ಟು ಬಾಗುತ್ತದೆ, ಕುದುರೆಯ ಕಾಲು ನೋಡುವುದಕ್ಕೆ. ಆಗ ಗೊರಸು ಶುರುವಾಗುತ್ತದೆ. ಸರಿಯಾದ ಅಂಕಿ ಬರುವವರೆಗೂ ಅವರ ಮೈಯೆಲ್ಲ ಬಿಗಿ. ಅಂಕಿ ಬಂತು, ತಲೆ ಕೂದಲೆಳೆಯಷ್ಟು ಮೇಲೆದ್ದಿತು, ಗೊರಸು ನಿಂತಿತು. ಇದು ತಮ್ಮಿಂದ ಆಗುತ್ತಿದೆ ಎಂಬುದು ಮೇಷ್ಟ್ರಿಗೆ ಗೊತ್ತೇ ಇಲ್ಲ.

ಈಗ ನಿಮ್ಮ ಸರದಿ. ಗುಟ್ಟು ತಿಳಿಯಿತಲ್ಲ, ಕಲ್ಲಿನಂತೆ ನಿಲ್ಲುತ್ತೇನೆ ಎಂದು ಹಲ್ಲು ಕಚ್ಚಿ ನಿಲ್ಲುತ್ತೀರಿ. ಬಾಯಿ ಕೂಡ ತೆರೆಯುವುದಿಲ್ಲ. 'ಆರು' ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತೀರಿ, ಅಷ್ಟೆ. ಗೊರಸು ಬಡಿಯುತ್ತದೆ. ನಾಲ್ಕು, ಐದು, ಆರು. ನಿಂತಿತು. ನೀವೇನೂ ಮಾಡಲಿಲ್ಲ ಎಂದು ಆಣೆ ಮಾಡಬಲ್ಲಿರಿ. ಆದರೆ ನಿಮ್ಮ ಕತ್ತು ಹೇಳಿಬಿಟ್ಟಿದೆ. ಮುಂದೆ ಪ್ರಯೋಗಾಲಯದಲ್ಲಿ ಫುಂಗ್ಸ್ಟ್ ತಾನೇ ಕುದುರೆಯ ಜಾಗದಲ್ಲಿ ಕೂತು, ಎದುರಿನವರು ಮನಸ್ಸಿನಲ್ಲಿ ನೆನೆದ ಅಂಕಿಯನ್ನು ಕೈಯಲ್ಲಿ ಬಡಿದು ತೋರಿಸುತ್ತಾನೆ. ಅವನೆದುರು ಕೂತ 25 ಜನರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರ ಮೈಯೂ ಗುಟ್ಟು ಬಿಟ್ಟುಕೊಡುತ್ತದೆ.

ಡಿಸೆಂಬರಿನಲ್ಲಿ ವರದಿ ಹೊರಬೀಳುತ್ತದೆ. ಇಷ್ಟು ವರ್ಷ ಪಾಠ ಹೇಳಿದ ಮುದುಕನಿಗೆ, ಕುದುರೆಗೆ ಲೆಕ್ಕ ಬರುವುದಿಲ್ಲ, ಭಾಷೆಯೂ ಬರುವುದಿಲ್ಲ ಎಂದು ಹೇಳಬೇಕು. ಸತ್ಯ ಹೇಳಲೇಬೇಕು, ಹೇಳಿದರೆ ಒಬ್ಬ ಪ್ರಾಮಾಣಿಕನ ಬದುಕಿನ ಸಾಧನೆ ಮಣ್ಣುಗೂಡುತ್ತದೆ. ಹೇಳುತ್ತಾರೆ. 1909ರಲ್ಲಿ ಮೇಷ್ಟ್ರು ಆ ಕಹಿಯನ್ನು ಹೊತ್ತುಕೊಂಡೇ ತೀರಿಕೊಳ್ಳುತ್ತಾರೆ.

ಅಂದಿನಿಂದ ಪ್ರಾಣಿಗೆ ಮಾತು ತಿಳಿಯುತ್ತದೆ ಎನ್ನುವ ಪ್ರತಿಯೊಬ್ಬರೂ ಹಾನ್ಸ್‌ಗೆ ಉತ್ತರ ಕೊಡಬೇಕು. ಕೇಳುವವರ ಮೈಯನ್ನು ಮರೆಮಾಡಬೇಕು, ಮಾತೊಂದನ್ನೇ ಉಳಿಸಬೇಕು. ಆಗ ಏನಾಗುತ್ತದೆ? 2004ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು ರೀಕೊ ಎಂಬ ಬಾರ್ಡರ್ ಕಾಲಿ ತಳಿಯ ನಾಯಿಯನ್ನು ಪರೀಕ್ಷಿಸಿದರು. ಆಟಿಕೆಗಳೆಲ್ಲ ಪಕ್ಕದ ಕೋಣೆಯಲ್ಲಿ. ಹೆಸರು ಕೇಳಿಸಿಕೊಂಡು ಒಳಗೆ ಹೋದರೆ ಅಲ್ಲಿ ಸನ್ನೆ ಮಾಡುವವರು ಯಾರೂ ಇಲ್ಲ. ರೀಕೊ ಸುಮಾರು 200 ಹೆಸರು ಬಲ್ಲವನು. ಕೇಳಿದ ಆಟಿಕೆಯನ್ನೇ ಕಚ್ಚಿಕೊಂಡು ಬಂದ.

ಇನ್ನೊಂದು ಕೋಣೆಗೆ ಬನ್ನಿ. ಇದು ಬುಡಾಪೆಸ್ಟ್. ಅತಿಲಾ ಅಂಡಿಚ್ ಎಂಬ ವಿಜ್ಞಾನಿಯ ತಂಡ ಎಂಆರ್‌ಐ ಯಂತ್ರದೊಳಗೆ ನಾಯಿಯನ್ನು ಮಲಗಿಸಿದೆ. ನೀವು ಸುರಂಗದ ಬಾಯಿಯ ಹತ್ತಿರ ನಿಂತಿದ್ದೀರಿ. ಮುಂಗಾಲುಗಳ ನಡುವೆ ಮೂತಿ, ಕಿವಿಗೆ ಇಯರ್‌ಫೋನ್. ಕಟ್ಟು ಇಲ್ಲ, ಮಂಪರಿನ ಮದ್ದೂ ಇಲ್ಲ. ಎದ್ದು ಹೋಗಬೇಕೆನಿಸಿದರೆ ಎದ್ದು ಹೋಗಬಹುದು. ಯಂತ್ರ ಡಬಡಬ ಬಡಿಯತೊಡಗುತ್ತದೆ, ಸದ್ದು ನಿಮ್ಮ ಪಕ್ಕೆಲುಬಿಗೆ ತಾಗುತ್ತದೆ. ಈಗ ಎದ್ದೀತೇ? ನೀವು ಉಸಿರು ಬಿಗಿಹಿಡಿಯುತ್ತೀರಿ. ನಾಯಿ ಕಣ್ಣು ಮಿಟುಕಿಸುತ್ತದೆ, ಮಲಗಿಯೇ ಇರುತ್ತದೆ. ಹಲವು ತಿಂಗಳ ಒಲುಮೆಯ ತರಬೇತಿ ಆ ಅಲುಗದ ತಲೆಯಲ್ಲಿದೆ.

ಅದರ ಕಿವಿಯಲ್ಲಿ ತರಬೇತುದಾರರ ದನಿ ಕೇಳುತ್ತಿದೆ. ಹೊಗಳುವ ಮಾತು ಹೊಗಳುವ ದನಿಯಲ್ಲಿ. ಅದೇ ಮಾತು ಸಪ್ಪೆಯಾಗಿ. 'ಆದರೂ' ಎಂಬಂಥ ಬರಿಯ ಪದ ಅಕ್ಕರೆ ಸುರಿಸುತ್ತ. ಅದೇ ಪದ ಸಪ್ಪೆಯಾಗಿ. 13 ನಾಯಿಗಳ ಮೇಲೆ ನಡೆದ ಈ ಪ್ರಯೋಗ 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ದನಿ ಹೇಗೇ ಇರಲಿ, ಅರ್ಥವುಳ್ಳ ಪದವನ್ನು ಮೆದುಳು ಬೇರೆಯಾಗಿ ಗುರುತಿಸುತ್ತಿತ್ತು. ದನಿಯ ಏರಿಳಿತವನ್ನೂ ಬೇರೆಯಾಗಿ ಹಿಡಿಯುತ್ತಿತ್ತು. ಆದರೆ ಸಂತೋಷದ ಕೇಂದ್ರ ಎಚ್ಚರಗೊಂಡದ್ದು ಒಂದೇ ಸಂದರ್ಭದಲ್ಲಿ: ಪದವೂ ಹೊಗಳಿಕೆ, ದನಿಯೂ ಹೊಗಳಿಕೆ ಆಗಿದ್ದಾಗ. 2024ರಲ್ಲಿ ಅದೇ ನಗರದ ಸಂಶೋಧಕರು 18 ನಾಯಿಗಳ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಒಂದು ವಸ್ತುವಿನ ಹೆಸರು ಹೇಳಿ ಇನ್ನೊಂದನ್ನು ತೋರಿಸಿದರು. ಮೆದುಳಿನ ಅಲೆ ಬದಲಾಯಿತು. ಹೆಸರು ಕಿವಿಗೆ ಬಿದ್ದಾಗಲೇ ಆ ವಸ್ತು ನಾಯಿಯ ಮನಸ್ಸಿಗೆ ಬಂದಿರುತ್ತದೆ ಎಂಬುದಕ್ಕೆ ಇದು ಬಲವಾದ ಸುಳಿವು.

ಆದ್ದರಿಂದ ನಮ್ಮ ನಾಯಿಗೆ ಮಾತು ತಿಳಿಯುತ್ತದೆಯೇ ಎಂದರೆ, ತಿಳಿಯುತ್ತದೆ. ಕಥೆ, ವಾದ, ನಾಳೆಯ ಯೋಜನೆ ತಿಳಿಯುವುದಿಲ್ಲ. ಬಳಕೆಯ ಪದಗಳು ನಿಜಕ್ಕೂ ತಿಳಿಯುತ್ತವೆ. ಅದರ ಜೊತೆಗೆ ಹಾನ್ಸ್‌ಗೆ ತಿಳಿದದ್ದೂ ತಿಳಿಯುತ್ತದೆ: ನಿಮ್ಮ ಕತ್ತು, ನಿಮ್ಮ ಉಸಿರು, ನಿಮಗೇ ಗೊತ್ತಿಲ್ಲದ ನಿಮ್ಮ ಬಿಗಿ. ಬರ್ಲಿನ್ನಿನ ಅಂಗಳದಲ್ಲಿ ಸೋತದ್ದು ಕುದುರೆಯ ಗಣಿತ ಮಾತ್ರ. ಮನುಷ್ಯನನ್ನು ಓದುವ ವಿದ್ಯೆಯಲ್ಲಿ ಅವನು ಆ ವಿದ್ವಾಂಸರೆಲ್ಲರಿಗಿಂತ ಮುಂದಿದ್ದ.

ಇದರ ಭಾರ ನಿಮ್ಮ ಮೇಲೆ ಬೀಳುವ ಜಾಗ ಪಶುವೈದ್ಯರ ಮೇಜು. ಡೆಟಾಲ್ ವಾಸನೆ. ಸ್ಟೀಲ್ ಹಲಗೆಯ ಮೇಲೆ ಉಗುರು ಜಾರುವ ಕಿರಕಿರ. ನಿಮ್ಮ ನಾಯಿ ನಡುಗುತ್ತಿದೆ. ವೈದ್ಯರು ಸಿರಿಂಜಿಗೆ ಮದ್ದು ತುಂಬುತ್ತಿದ್ದಾರೆ. "ಏನೂ ಆಗಲ್ಲ ಕಂದಾ, ಏನೂ ಆಗಲ್ಲ" ಎನ್ನುತ್ತಿದ್ದೀರಿ. ಆದರೆ ಕತ್ತುಪಟ್ಟಿ ಹಿಡಿದ ಬೆರಳು ಬಿಗಿಯಾಗಿದೆ, ಅಂಗೈ ಬೆವರಿದೆ, ದನಿ ಮೇಲೇರಿದೆ. ಅದು ಮುಖವೆತ್ತಿ ನಿಮ್ಮನ್ನೇ ನೋಡುತ್ತದೆ. ಬಾಯಿ ಒಂದು ಹೇಳುತ್ತಿದೆ, ಮೈ ಇನ್ನೊಂದು. ಅದು ಯಾವುದನ್ನು ನಂಬಬೇಕು?

ಮೈಯನ್ನೇ ನಂಬುತ್ತದೆ. ಹಾಗಾಗಿ ಮೊದಲು ಬೆರಳು ಸಡಿಲಿಸಿ. ಒಂದು ಉಸಿರು ಪೂರ್ತಿ ಹೊರಗೆ ಬಿಡಿ. ಭುಜ ಇಳಿಯಲಿ. ಆಮೇಲೆ ಅದಕ್ಕೆ ಗೊತ್ತಿರುವ ಆ ನಾಲ್ಕು ಪದ ಹೇಳಿ, ಹೇಳುವುದನ್ನು ಮನಸಾರೆ ಹೇಳಿ. ಮಾತು ಕಲಿಯುವ ತನ್ನ ಪಾಲಿನ ಕೆಲಸವನ್ನು ಅದು ಮಾಡಿದೆ. ಆ ಮಾತಿಗೆ ತಕ್ಕಂತೆ ಇರುವುದು ನಮ್ಮ ಪಾಲಿನ ಕೆಲಸ.