ಮೂಡಲ ಕಿಟಕಿ

ಮೈಸೂರಿಗೆ ಮಾಗಿ ಸದ್ದಿಲ್ಲದೆ ಬರುತ್ತದೆ. ದಸರೆಯ ದೀಪಗಳು ಆರಿ, ಕಾರ್ತಿಕದ ಹಣತೆಗಳೂ ಮುಗಿದ ಮೇಲೆ, ಒಂದು ಮುಂಜಾನೆ ಹಾಲು ಹಾಕುವವನ ಕಿವಿಗೆ ಮಫ್ಲರು ಸುತ್ತಿರುತ್ತದೆ. ತರಕಾರಿಯ ಅಂಗಡಿಗಳ ಮುಂದೆ ಸೊಗಡಿನ ಅವರೆಕಾಯಿ ರಾಶಿ ಬೀಳುತ್ತದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಿರುಗಾಡಲು ಹೋದವರಿಗೆ ಎದುರು ಬರುವವರ ಮಾತು ಮೊದಲು ಕೇಳಿಸುತ್ತದೆ, ಮುಖ ಆಮೇಲೆ ಕಾಣಿಸುತ್ತದೆ. ಡಿಸೆಂಬರ್ ನಡುವಿನಲ್ಲಿ ಧನುರ್ಮಾಸ ಕಾಲಿಟ್ಟಿತೆಂದರೆ, ಹೊತ್ತು ಮೂಡುವ ಮುನ್ನವೇ ಗುಡಿಗಳಲ್ಲಿ ಗಂಟೆ ಮೊಳಗುತ್ತದೆ. ಹುಗ್ಗಿಗೆ ಹಾಕಿದ ಮೆಣಸು ಜೀರಿಗೆಯ ಒಗ್ಗರಣೆಯ ಘಮ ಬೀದಿಯವರೆಗೂ ಬರುತ್ತದೆ.

ಈ ದಿನಗಳಲ್ಲಿ ಮೈಸೂರಿನ ಕೆಲವು ಮನೆಗಳಿಗೆ ಮಾತ್ರ ಒಂದು ಭಾಗ್ಯ ಒದಗುತ್ತದೆ. ಅವರ ಕಿಟಕಿಯಲ್ಲಿ ಸೂರ್ಯನು ಚಾಮುಂಡಿ ಬೆಟ್ಟದ ಹಿಂದಿನಿಂದ ಏಳುತ್ತಾನೆ. ಬೆಟ್ಟವಿರುವುದು ಊರಿನ ಆಗ್ನೇಯಕ್ಕೆ. ಬೇಸಿಗೆಯಲ್ಲಿ ಸೂರ್ಯ ಈಶಾನ್ಯಕ್ಕೆ ಸರಿದು, ಊರಿನ ಮನೆಗಳ ಮೇಲೆ ಯಾವ ಸಂಭ್ರಮವೂ ಇಲ್ಲದೆ ಹುಟ್ಟಿಬಿಡುತ್ತಾನೆ. ದಕ್ಷಿಣಾಯನದ ಕೊನೆಯಲ್ಲಿ, ನೇರ ಪೂರ್ವದಿಂದ ಸುಮಾರು 24 ಅಂಶಗಳಷ್ಟು ದಕ್ಷಿಣಕ್ಕೆ ಸರಿದಾಗ, ಬೆಟ್ಟದ ಪಶ್ಚಿಮಕ್ಕೂ ವಾಯವ್ಯಕ್ಕೂ ಇರುವ ಬಡಾವಣೆಗಳ ಕಣ್ಣಿಗೆ ಅವನು ದೇವಿಯ ಬೆನ್ನ ಹಿಂದಿನಿಂದ ಎದ್ದು ಬರುವಂತೆ ತೋರುತ್ತಾನೆ.

ಜಯನಗರದ ಒಂದು ಮನೆಯ ಮಹಡಿಯಲ್ಲಿ ಅಂಥದೊಂದು ಕಿಟಕಿಯಿದ್ದಿತು. ಅಶೋಕಪುರಂ ನಿಲ್ದಾಣದ ಕಡೆಯಿಂದ ರೈಲಿನ ಕೂಗು ಕೇಳಿಬರುವಷ್ಟು ದೂರದಲ್ಲಿರುವ ಮನೆ. ತೇಗದ ಚೌಕಟ್ಟು, ನಾಲ್ಕು ಕಬ್ಬಿಣದ ಸರಳು, ಎರಡು ಬಾಗಿಲು. ಅದರ ನೇರಕ್ಕೆ ನಾಲ್ಕು ಕಿಲೋಮೀಟರಿಗಿಂತ ತುಸು ಹೆಚ್ಚು ದೂರದಲ್ಲಿ ಬೆಟ್ಟ. ಮನೆಯ ಯಜಮಾನರು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಬೀದಿಗೆಲ್ಲ ಅವರು ‘ಮೇಷ್ಟ್ರು’. ಅವರ ಪತ್ನಿ ಒಂದು ಕಾಲದಲ್ಲಿ ಆಷಾಢದ ಶುಕ್ರವಾರಗಳನ್ನು ತಪ್ಪಿಸಿದವರಲ್ಲ. ದೊಡ್ಡ ದೇವರಾಜ ಒಡೆಯರ ಕಾಲದ್ದೆಂದು ಹೇಳುವ ಆ ಸಾವಿರ ಮೆಟ್ಟಿಲುಗಳನ್ನು ಹತ್ತಿ, ನಂದಿಯ ಬಳಿ ಒಂದು ಗಳಿಗೆ ಕುಳಿತು, ದರ್ಶನ ಮುಗಿಸಿ, ಅಡಿಗೆಯ ಹೊತ್ತಿಗೆ ಮನೆ ಸೇರುತ್ತಿದ್ದರು. ಮಂಡಿನೋವು ಬಂದ ಮೇಲೆ ಬೆಟ್ಟ ಹತ್ತುವುದು ನಿಂತಿತು. ಅಂದಿನಿಂದ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯೇ ಅವರ ಬೆಟ್ಟದ ದಾರಿಯಾಯಿತು. ಬೆಳಗಿನ ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದು, ಗೋಪುರ ಕಂಡ ಮೇಲೆಯೇ ಮೊದಲ ಗುಟುಕು.

ಎದುರಿನ ನಿವೇಶನ ಬಹುಕಾಲದಿಂದ ಖಾಲಿ ಬಿದ್ದಿದ್ದಿತು. 2024ರ ಮಳೆಗಾಲ ಕಳೆಯುತ್ತಲೇ ಅಲ್ಲಿ ಪಾಯ ತೋಡಿದರು. ದೀಪಾವಳಿಯ ಹೊತ್ತಿಗೆ ಸಿಮೆಂಟಿನ ಕಂಬಗಳು ಎದ್ದವು. ಮಹಡಿ ಏರಿದರೆ ಬೆಟ್ಟ ಮರೆಯಾಗುವುದೆಂಬುದು ಕಾಣುತ್ತಲೇ ಇದ್ದಿತು. ಕಟ್ಟುವವರನ್ನು ದೂರುವಂತೆಯೂ ಇರಲಿಲ್ಲ. ನಂಜನಗೂಡಿನ ಕಡೆಯ ಕಾರ್ಖಾನೆಯೊಂದರಲ್ಲಿ ದುಡಿದು, ಕಾಸಿಗೆ ಕಾಸು ಕೂಡಿಸಿ, ಸ್ವಂತದ್ದೊಂದು ಸೂರು ಬೇಕೆಂದು ಹಂಬಲಿಸಿದ ಸಂಸಾರವದು. ಮೇಷ್ಟ್ರು ಯಾರಿಗೂ ಏನೂ ಹೇಳಲಿಲ್ಲ. ಡಿಸೆಂಬರ್ 16ರಂದು, ಧನುರ್ಮಾಸದ ಮೊದಲ ಬೆಳಗು, ಮಗ ಬಳಸಿ ಬಿಟ್ಟುಹೋಗಿದ್ದ ಹಳೆಯ ಮೊಬೈಲು ಫೋನನ್ನು ಹಿಡಿದು ಕಿಟಕಿಯ ಬಳಿ ನಿಂತರು. ಬೆಟ್ಟ ಕಣ್ಣಿಗೆ ಬೀಳುವಷ್ಟು ದಿನವೂ ಅದರ ಸೂರ್ಯೋದಯವನ್ನು ಚಿತ್ರ ಹಿಡಿಯುವುದು ಅವರ ಸಂಕಲ್ಪ.

ಕಿಟಕಿಯಿಂದ ಸೂರ್ಯನ ಚಿತ್ರ ತೆಗೆಯುವುದು ಸುಲಭವೆಂದು ತೋರುತ್ತದೆ, ಹಾಗಲ್ಲ. ಮೊದಲ ದಿನ ಗಾಜಿನ ಬಾಗಿಲನ್ನು ತೆರೆಯದೆ ತೆಗೆದ ಚಿತ್ರದಲ್ಲಿ ಬೆಟ್ಟದ ಮೇಲೆ ಕೋಣೆಯ ದೀಪವೊಂದು ಎರಡನೆಯ ಸೂರ್ಯನಂತೆ ತೂಗುತ್ತಿದ್ದಿತು. ಮರುದಿನ ದೀಪ ಆರಿಸಿ, ಬಾಗಿಲು ತೆರೆದು ತೆಗೆದರೆ, ಕ್ಯಾಮೆರಾ ತನ್ನ ಪಾಡಿಗೆ ಹತ್ತಿರದ ಸರಳನ್ನೇ ಸ್ಪಷ್ಟವಾಗಿ ಹಿಡಿದು, ಬೆಟ್ಟವನ್ನು ಮಬ್ಬು ಮಾಡಿತು. ಮೂರನೆಯ ದಿನ ಬೆಟ್ಟ ಸ್ಪಷ್ಟವಾಯಿತು. ಸೂರ್ಯನಿದ್ದ ಜಾಗದಲ್ಲಿ ಸುಣ್ಣ ಚೆಲ್ಲಿದಂತೆ ಬಿಳಿಯ ಕಲೆ. ಕತ್ತಲೆಯ ಬೆಟ್ಟವನ್ನು ನೋಡಿ ಯಂತ್ರವು ಬೆಳಕನ್ನು ಹೆಚ್ಚಾಗಿ ಒಳಗೆ ಬಿಟ್ಟುಕೊಳ್ಳುವುದೇ ಇದಕ್ಕೆ ಕಾರಣ. ತೆರೆಯ ಮೇಲೆ ಬೆಟ್ಟವನ್ನಲ್ಲ, ಆಕಾಶದ ಹೊಳೆಯುವ ಭಾಗವನ್ನು ಬೆರಳಿನಿಂದ ಮುಟ್ಟಿ ಬೆಳಕನ್ನು ತಗ್ಗಿಸಬೇಕೆಂದು ನಾಲ್ಕನೆಯ ದಿನ ತಿಳಿಯಿತು. ಕೈ ಚಳಿಗೆ ನಡುಗುತ್ತಿದ್ದುದರಿಂದ ಹಳೆಯ ಅಟ್ಲಾಸೊಂದನ್ನು ಹೊಸ್ತಿಲಿನಂತಿದ್ದ ಕಿಟಕಿಯ ಕಟ್ಟೆಯ ಮೇಲಿಟ್ಟು, ಅದರ ಮೇಲೆ ಫೋನನ್ನು ನಿಲ್ಲಿಸಿದರು. ಅಟ್ಲಾಸಿನ ನಾಲ್ಕು ಮೂಲೆಗೂ ಸೀಮೆಸುಣ್ಣದ ಗುರುತು ಬಿದ್ದಿತು. ಆಮೇಲೆ ಕಿಟಕಿ ಕದಲಲಿಲ್ಲ, ಫೋನು ಕದಲಲಿಲ್ಲ, ಕದಲುವವನು ಸೂರ್ಯನೊಬ್ಬನೇ.

ಮನೆಯ ಕಿಟಕಿಗೂ ಛಾಯಾಚಿತ್ರಕ್ಕೂ ಇರುವ ನಂಟು ಇಂದಿನದಲ್ಲ. ಇಂದಿಗೂ ಉಳಿದಿರುವ, ಕ್ಯಾಮೆರಾದಿಂದ ತೆಗೆದ ಅತ್ಯಂತ ಹಳೆಯ ಚಿತ್ರವೇ ಒಂದು ಮನೆಯ ಮಹಡಿಯ ಕಿಟಕಿಯಿಂದ ಕಂಡ ನೋಟ. ಫ್ರಾನ್ಸಿನ ಸೇಂಟ್ ಲೂ ದ ವರೆನ್ ಎಂಬ ಹಳ್ಳಿಯಲ್ಲಿ, 1826 ಅಥವಾ 1827ರಲ್ಲಿ, ನೀಸೆಫೋರ್ ನಿಯೆಪ್ಸ್ ಎಂಬಾತ ತವರ ಬೆರೆತ ಲೋಹದ ತಗಡಿಗೆ ಒಂದು ಬಗೆಯ ಡಾಂಬರನ್ನು ಬಳಿದು, ಅದನ್ನು ತನ್ನ ಕಿಟಕಿಯಲ್ಲಿ ಬೆಳಕಿಗೊಡ್ಡಿದನು. ಬೆಳಕು ಬಿದ್ದಲ್ಲಿ ಡಾಂಬರು ಗಟ್ಟಿಯಾಯಿತು. ಬೀಳದ ಕಡೆ ತೊಳೆದುಹೋಯಿತು. ಗಂಟೆಗಟ್ಟಲೆ ಕಾಯಬೇಕಾಗಿದ್ದುದರಿಂದ ಆ ಚಿತ್ರದಲ್ಲಿ ಅಂಗಳದ ಎರಡು ಬದಿಯ ಗೋಡೆಗಳ ಮೇಲೂ ಬಿಸಿಲಿದೆ: ಬೆಳಗೂ ಸಂಜೆಯೂ ಒಂದೇ ತಗಡಿನಲ್ಲಿ ಕೂಡಿವೆ. ಆತ ತನ್ನ ವಿದ್ಯೆಗೆ ಇಟ್ಟ ಹೆಸರಿನ ಅರ್ಥ ‘ಸೂರ್ಯಲೇಖನ’. ಪ್ರಾಗ್ ನಗರದ ಯೋಸೆಫ್ ಸುಡೆಕ್ ಮೊದಲ ಮಹಾಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡವನು. 1940ರಿಂದ ವರ್ಷಗಳ ಕಾಲ ತನ್ನ ಚಿತ್ರಶಾಲೆಯ ಕಿಟಕಿಯನ್ನೇ, ಅದರ ಗಾಜಿನ ಮೇಲಿನ ಹನಿಯನ್ನೂ ಹಿಮವನ್ನೂ, ಮತ್ತೆ ಮತ್ತೆ ಚಿತ್ರಿಸಿದನು. ದೂರ ಹೋಗಲಾರದವರಿಗೆ ಕಿಟಕಿಯೇ ದೇಶಸಂಚಾರವೆಂಬುದನ್ನು ಜಯನಗರದ ಆ ಕುರ್ಚಿಯೂ ಬಲ್ಲದು.

ಚಿತ್ರಗಳು ಹತ್ತಾದವು, ಇಪ್ಪತ್ತಾದವು. ಎಲ್ಲವೂ ಒಂದೇ ಎಂದು ತೋರಿದ ಬೆಳಗುಗಳು ಒಂದೊಂದೂ ಬೇರೆಯಾದವು. ಪಂಚಾಂಗದಲ್ಲಿ ಸೂರ್ಯೋದಯ 6 ಗಂಟೆ 40 ನಿಮಿಷದ ಆಸುಪಾಸು ಎಂದಿದ್ದರೂ ಕಿಟಕಿಯಲ್ಲಿ ಅವನು ಕಾಣಿಸುತ್ತಿದ್ದುದು 15–20 ನಿಮಿಷ ತಡವಾಗಿ. ಊರಿನ ನೆಲದಿಂದ ಸುಮಾರು 300 ಮೀಟರು ಎತ್ತರದ ಬೆಟ್ಟವನ್ನು ದಾಟಿ ಬರಬೇಕಲ್ಲವೆ? ಆದುದರಿಂದ ಕೆಂಪಗಿನ ಬಿಂಬ ಆ ಮನೆಗೆ ಕಾಣುತ್ತಿರಲಿಲ್ಲ. ದಿಗಂತದಲ್ಲಿರುವಾಗ ಅವನ ಬೆಳಕು ದಪ್ಪನೆಯ ಗಾಳಿಯ ಪದರವನ್ನು ಹಾದು ಬರುತ್ತದೆ. ನೀಲಿ ದಾರಿಯಲ್ಲಿ ಚೆದರಿ, ಕೆಂಪು ಉಳಿಯುತ್ತದೆ. ಆ ಕೆಂಪು ಮೋಡಗಳಿಗೆ ಸಂದು, ಬೆಟ್ಟದಂಚಿಗೆ ಬರುವ ವೇಳೆಗೆ ಸೂರ್ಯ ಹೊನ್ನಿನವನಾಗಿರುತ್ತಿದ್ದನು. ಮಂಜು ದಟ್ಟವಾದ ದಿನ ಮಾತ್ರ ಬಣ್ಣವೇ ಇಲ್ಲದೆ, ಹಗಲಿನ ಚಂದ್ರನಂತೆ ಬೆಳ್ಳಗೆ ತೇಲಿಬರುತ್ತಿದ್ದನು. ರಾತ್ರಿ ಆಕಾಶ ಶುಭ್ರವಾಗಿದ್ದಷ್ಟೂ ನೆಲ ಬೇಗ ತಣಿದು ಬೆಳಗಿನ ಮಂಜು ಹೆಚ್ಚುವುದೆಂದು ಮೇಷ್ಟ್ರು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದರೋ! ಈಗ ಅದನ್ನು ಕಂಡರು.

ಡಿಸೆಂಬರ್ ಕೊನೆಯ ವಾರದಲ್ಲಿ ಅವರಿಗೊಂದು ಸೋಜಿಗ ಕಾದಿದ್ದಿತು. ಚಿತ್ರಗಳನ್ನು ಸಾಲಾಗಿ ನೋಡಿದರೆ ಸೂರ್ಯ ಗೋಪುರದ ಎಡಕ್ಕೆ ಒಂದೇ ಕಡೆ ನಿಂತುಬಿಟ್ಟಿದ್ದನು. ಲೆಕ್ಕ ಸರಿಯಾಗಿಯೇ ಇದೆ. ಡಿಸೆಂಬರ್ 21ರ ಹಿಂದೆ ಮುಂದೆ ಹತ್ತು ಹತ್ತು ದಿನ ಅವನು ಸರಿಯುವುದು ತನ್ನ ಬಿಂಬದ ಅಗಲಕ್ಕಿಂತಲೂ ಕಡಿಮೆ. ತಿರುಗುವ ಮುನ್ನ ರಥ ನಿಂತಂತೆ! ಮಾರ್ಚಿಯ ವೇಳೆಗೆ ಅದೇ ಸೂರ್ಯ ದಿನಕ್ಕೆ ಬಿಂಬದ ಮುಕ್ಕಾಲು ಅಗಲದಷ್ಟು ಉತ್ತರಕ್ಕೆ ಓಡತೊಡಗುತ್ತಾನೆ. ಇನ್ನೊಂದು ಸೋಜಿಗ: ಹಗಲು ಬೆಳೆಯತೊಡಗಿದ ಮೇಲೂ ಸೂರ್ಯೋದಯ ತಡವಾಗುತ್ತಲೇ ಹೋಯಿತು. ಭೂಮಿಯ ಓರೆಯಿಂದಲೂ ಅದರ ಪಥದ ಅಂಡಾಕಾರದಿಂದಲೂ ಈ ಕಾಲದಲ್ಲಿ ಸೂರ್ಯನ ನಡುಹಗಲು ಗಡಿಯಾರಕ್ಕಿಂತ ದಿನಕ್ಕೆ ಸುಮಾರು ಅರ್ಧ ನಿಮಿಷ ಹಿಂದೆ ಬೀಳುತ್ತದೆ. ಮೈಸೂರಿನಲ್ಲಿ ಅತ್ಯಂತ ತಡವಾದ ಸೂರ್ಯೋದಯ ಜನವರಿಯ ನಾಲ್ಕನೆಯ ವಾರದ ಸುಮಾರಿಗೆ. ಮಾಗಿಯಲ್ಲಿ ಮಕ್ಕಳು ಹಾಸಿಗೆ ಬಿಟ್ಟು ಏಳಲಾರದೆ ಹೋಗುವುದಕ್ಕೆ ಆಕಾಶದ ಬೆಂಬಲವೂ ಇದೆಯೆನ್ನಬೇಕು!

ಸಂಕ್ರಾಂತಿಯ ಬೆಳಗು ಮೇಷ್ಟ್ರು ಹಳೆಯ ಆಲ್ಬಮ್ಮಿನಿಂದ ಒಂದು ಕಪ್ಪುಬಿಳುಪು ಚಿತ್ರವನ್ನು ತೆಗೆದರು. 1979ರ ಸಂಕ್ರಾಂತಿಯದು. ಮದುವೆಯಾದ ಹೊಸತು, ಗೆಳೆಯನಿಂದ ಎರವಲು ತಂದ ಅಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾ, ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಹೊಸ ಸೀರೆಯುಟ್ಟ ಮದುಮಗಳನ್ನು ಇದೇ ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಿ ತೆಗೆದದ್ದು. ಬೆಳಕು ಹಿಂದಿನಿಂದ ಬಂದು ಮುಖವೆಲ್ಲ ಕಪ್ಪು. “ಯಾರೋ ಇದು?” ಎಂದು ಮನೆಮಂದಿಯೆಲ್ಲ ನಕ್ಕದ್ದೂ ಆಯಿತು. ಆದರೆ ಮುಖದ ಪಕ್ಕದಲ್ಲಿ ಬೆಟ್ಟದಂಚೂ ಸೂರ್ಯನೂ ಬಿದ್ದಿದ್ದವು. ಮೇಷ್ಟ್ರು ಅದನ್ನು ಆ ದಿನದ ಚಿತ್ರದ ಬದಿಗಿಟ್ಟು ನೋಡಿದರು. ಗೋಪುರದಿಂದ ಎಡಕ್ಕೆ ಅದೇ ದೂರ, ಬೆಟ್ಟದ ಅದೇ ತಗ್ಗು. ನಲವತ್ತಾರು ವರ್ಷಗಳಲ್ಲಿ ಸೂರ್ಯ ತನ್ನ ಜಾಗವನ್ನು ಮರೆತಿರಲಿಲ್ಲ.

“ಏನೇ, ಬಾ ಇಲ್ಲಿ. ಹಾಗೇ ನಿಂತುಕೊ” ಎಂದರು. ಈ ಸಲ ತೆರೆಯ ಮೇಲೆ ಪತ್ನಿಯ ಮುಖವನ್ನು ಮುಟ್ಟಿದರು. ಮುಖ ಬೆಳಗಿತು, ನರೆತ ಕೂದಲು, ಮೂಗುಬಟ್ಟು, ನಗೆ ಎಲ್ಲ ಸ್ಪಷ್ಟ. ಆಕಾಶ ಮಾತ್ರ ಸುಣ್ಣದ ಗೋಡೆಯಾಯಿತು. ಆಕಾಶವನ್ನು ಮುಟ್ಟಿದರೆ ಬೆಟ್ಟ ಬಂದಿತು, ಮುಖ ಕತ್ತಲಾಯಿತು. ಈಚಿನ ಫೋನುಗಳು ಹಲವು ಚಿತ್ರಗಳನ್ನು ಬೆಸೆದು ಎರಡನ್ನೂ ಒಂದು ಮಟ್ಟಿಗೆ ಉಳಿಸಬಲ್ಲವು. ಆ ಹಳೆಯ ಫೋನಿಗೆ ಆ ಶಕ್ತಿಯಿರಲಿಲ್ಲ. ಆಕೆ ಬಾಗಿ ನೋಡಿ, “ನನ್ನ ಮುಖ ದಿನಾ ನೋಡ್ತೀರಿ. ಬೆಟ್ಟ ಇರಲಿ ಬಿಡಿ” ಎಂದರು.

ಅಷ್ಟರಲ್ಲಿ ಎದುರು ಮನೆಯ ಮೊದಲ ತಾರಸಿ ಬಿದ್ದು, ಮೇಲಿನ ಕಂಬಗಳೂ ಎದ್ದಿದ್ದವು. ಕೊನೆಯ ದಿನಗಳ ಚಿತ್ರಗಳಲ್ಲಿ ಬೆಟ್ಟ ಕಂಬಗಳ ನಡುವೆ ಕಾಣುತ್ತದೆ. ಫೆಬ್ರವರಿ 4, ರಥಸಪ್ತಮಿ. ತಲೆಯ ಮೇಲೆ ಎಕ್ಕದ ಎಲೆಯಿಟ್ಟು ಸ್ನಾನ ಮಾಡಿ ಬಂದ ಮೇಷ್ಟ್ರು ಆ ದಿನದ ಚಿತ್ರ ತೆಗೆದರು. ಸೂರ್ಯ ಆಗಲೇ ಹನ್ನೆರಡು ಬಿಂಬಗಳಿಗೂ ಮಿಗಿಲಾಗಿ ಎಡಕ್ಕೆ ಸರಿದು, ಬೆಟ್ಟದ ಹೆಗಲ ಮೇಲೆ ಎದ್ದಿದ್ದನು. ರಥ ತಿರುಗಿತೆಂದು ಹಿರಿಯರು ಆ ದಿನ ಹೇಳುವುದು ಸುಮ್ಮನೆಯಲ್ಲ. ತಿರುವು ಆಗುವುದು ಡಿಸೆಂಬರಿನಲ್ಲಾದರೂ, ಬರಿಗಣ್ಣಿಗೆ ನಿಚ್ಚಳವಾಗುವುದು ಆ ಹೊತ್ತಿಗೇ. ಐವತ್ತೊಂದು ಬೆಳಗುಗಳಲ್ಲಿ ಮೋಡ ಮುಚ್ಚಿದವು ಎಂಟು. ಉಳಿದ ನಲವತ್ತಮೂರನ್ನು ಅಚ್ಚು ಹಾಕಿಸಿ, ತಾರೀಖು ಬರೆದು, ಆಲ್ಬಮ್ಮಿಗೆ ಅಂಟಿಸಿದರು.

ಮರುವಾರ ಎದುರು ಮನೆಯವರು ತಾವಾಗಿಯೇ ಬಂದರು. “ನಿಮ್ಮ ಬೆಳಕಿಗೆ ಅಡ್ಡ ಬಂದೆನಲ್ಲಾ ಮೇಷ್ಟ್ರೇ, ಮನಸ್ಸಿಗೆ ಕಷ್ಟವಾಗುತ್ತೆ” ಎಂದರು. ಮೇಷ್ಟ್ರಿಗಿಂತ ಮೊದಲು ಆಕೆಯೇ ಕೇಳಿದರು: “ಅದು ಇರಲಿ. ನಿಮ್ಮ ಮಹಡಿಗೆ ಪೂರ್ವಕ್ಕೆ ಕಿಟಕಿ ಇಟ್ಟಿದ್ದೀರಾ?”

“ಇಲ್ಲಮ್ಮಾ. ಆ ಗೋಡೆಗೆ ಬಟ್ಟೆಯ ಬೀರು ಬರುತ್ತೆ ಅಂತ ಪ್ಲಾನಿನಲ್ಲಿದೆ.”

ಆಕೆ ಆಲ್ಬಮ್ಮನ್ನು ಅವರ ಕೈಗಿಟ್ಟರು. ಆತ ಒಂದೊಂದೇ ಹಾಳೆ ತಿರುವಿದರು. ಸಂಕ್ರಾಂತಿಯ ಹಾಳೆಯಲ್ಲಿ ತುಸು ಹೊತ್ತು ನಿಂತರು. “ಇದೆಲ್ಲ ನಮ್ಮ ಮನೆಯಿಂದ ಕಾಣುತ್ತಾ ಅಮ್ಮಾ?” ಎಂದು ಕೇಳಿದರು.

“ನಿಮ್ಮಲ್ಲಿಂದ ಇನ್ನೂ ಚೆನ್ನಾಗಿ. ನಡುವೆ ಒಂದು ಬೀದಿ ಕಡಿಮೆ.”

ನಾಲ್ಕು ದಿನ ಕಳೆದ ಮೇಲೆ ಮೇಸ್ತ್ರಿ ಪೂರ್ವದ ಗೋಡೆಯಲ್ಲಿ ಚೌಕಟ್ಟು ನಿಲ್ಲಿಸುತ್ತಿದ್ದುದು ಕಾಣಿಸಿತು. ಬೀರು ಬೇರೆ ಗೋಡೆಗೆ ಹೋಯಿತು.

ಈಗ ಜಯನಗರದ ಆ ಮಹಡಿಯ ಕಿಟಕಿಯಲ್ಲಿ ಬೆಟ್ಟವಿಲ್ಲ. ಸುಣ್ಣ ಬಳಿದ ಗೋಡೆಯಿದೆ. ಕಳೆದುಹೋದದ್ದು ಕಳೆದುಹೋಯಿತು, ನಲವತ್ತಮೂರು ಚಿತ್ರಗಳು ಅದನ್ನು ಮರಳಿ ತರಲಾರವು. ಬೆತ್ತದ ಕುರ್ಚಿ ಮಾತ್ರ ಅಲ್ಲಿಯೇ ಇದೆ, ಆಲ್ಬಮ್ಮು ಕಿಟಕಿಯ ಕಟ್ಟೆಯ ಮೇಲಿದೆ. ಎದುರು ಮನೆಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಮಾಗಿಯ ಬೆಳಗು ಏಳು ಗಂಟೆಯ ಸುಮಾರಿಗೆ ಅವಳು ಮಹಡಿಯ ಮುಂಬದಿಗೆ ಓಡಿಬಂದು ಬೀದಿಯ ಈಚೆಗೆ ಕೂಗುತ್ತಾಳೆ:

“ಅಜ್ಜೀ, ಇವತ್ತು ಗೋಪುರದ ಎಡಗಡೆ ತಗ್ಗಿನಲ್ಲಿ ಬಂತು!”

ಆಕೆ ಆಲ್ಬಮ್ಮು ತೆರೆದು, ಆ ತಾರೀಖಿನ ಚಿತ್ರದ ಮೇಲೆ ಬೆರಳಿಟ್ಟು ನೋಡುತ್ತಾರೆ. “ಸರಿಯಾಗಿದೆ ಕಣಮ್ಮಾ” ಎನ್ನುತ್ತಾರೆ. ಆಮೇಲೆ ಕಾಫಿಯ ಮೊದಲ ಗುಟುಕು.